ನೆಲಕ್ಕೆ ಹಾಸಬಾರದ ಮುಖ

ಗೋವರ್ಧನನ ಫೋನು ಬಂದಾಗ ಪ್ರಸನ್ನಲಕ್ಷ್ಮಿ ಫ್ಲೆಕ್ಸಿನ ಮೇಲೆ ಮುಖದ ಪೌಡರ್ ಉದುರಿಸುತ್ತಿದ್ದಳು. ನಗಬೇಡಿ, ಅದು ಕಸುಬಿನ ಗುಟ್ಟು. ರಾಯದುರ್ಗದ ಜೀನ್ಸ್ ಮಿಷನ್ನಿಗೆ ಎಂಥ ದಪ್ಪ ಬಟ್ಟೆ ಕೊಟ್ಟರೂ ನುಂಗುತ್ತದೆ. ಆದರೆ ಹಳೆಯ ಬ್ಯಾನರಿನ ವಿನೈಲ್ ಹಾಳೆ ಕೊಟ್ಟು ನೋಡಿ, ಮಿಷನ್ನಿನ ಪಾದಕ್ಕೆ ಅಂಟಿಕೊಂಡು ಅಲ್ಲೇ ನಿಂತುಬಿಡುತ್ತದೆ, ತವರಿನ ಬಾಗಿಲಲ್ಲಿ ನಿಂತ ಹೊಸ ಮದುವಣಗಿತ್ತಿಯ ಹಾಗೆ. ಒಂದು ಚಿಟಿಕೆ ಪೌಡರ್ ಉದುರಿಸಿದರೆ ಜಾರಿಕೊಂಡು ಹೋಗುತ್ತದೆ.

"ಅಕ್ಕಾ, ನಾನು ಗೋವರ್ಧನ. ಗುಡಿಬಂಡೆ ಕಡೆಯೋನು. ರೇಷ್ಮೆ ಹುಳಿನ ಮನೆಗೆ ನಿಮ್ ಪರದೆ, ನೆಲಕ್ಕೊಂದು ಹಾಸು ತಗಂಡ್ ಹೋಗಿದ್ನಲ್ಲ."

"ಹೂಂ, ಹೇಳ್ರಿ ತಮ್ಮಾ."

"ಹುಳ ಸಾಯ್ತಾ ಅವೆ ಅಕ್ಕಾ. ನಾಕನೇ ಜ್ವರ ಎದ್ದು, ಪೊರೆ ಬಿಟ್ಟು ಚೆನ್ನಾಗಿ ಸೊಪ್ಪು ತಿಂತಿದ್ವು. ಪರದೆ ಕಟ್ಟಿದ ಮಾರನೇ ದಿನದಿಂದ ತಲೆ ಆಡುಸ್ಕಂಡು, ಹಸ್ರು ನೀರು ಕಕ್ಕಂಡು ಸಾಯ್ತಾ ಅವೆ. ಏನ್ ಹಾಕಿದ್ದೀರ ಅದ್ರಾಗೆ?"

ಅವನ ದನಿಯಲ್ಲಿ ಸಿಟ್ಟಿಗಿಂತ ಅನುಮಾನ ಹೆಚ್ಚಿತ್ತು. ಸಿಟ್ಟಿಗೆ ಉತ್ತರ ಕೊಡಬಹುದು. ಅನುಮಾನಕ್ಕೆ ಏನು ಹೇಳುವುದು?

"ಏನೂ ಹಾಕಿಲ್ರಿ. ಹಳೇ ಬ್ಯಾನರ್ ಅಷ್ಟ."

"ನಮ್ಮಪ್ಪ ವಿಷ ಅಂತಾನೆ. ನಾಳೆ ಸಾಯಂಕಾಲ ಡೈರಿ ಹತ್ರ ರೇಷ್ಮೆ ಬೆಳೆಯೋರು ಎಲ್ಲಾ ಸೇರ್ತಾರೆ. ಊರ್ ಹುಳಿನ ಮನೆಗಳಿಗೆಲ್ಲಾ ನಿಮ್ ಪರದೆ ತರ್ಸಾನ ಅಂತಿದ್ರಲ್ಲ, ಅದ್ರ ಮಾತು. ಬಂದು ನೀವೇ ಹೇಳ್ರಿ. ಬರ್ಲಿಲ್ಲ ಅಂದ್ರೆ ಅಪ್ಪ ಹೇಳಿದ್ದೇ ಖರೆ ಆಗ್ತದೆ."

ಫೋನು ಇಟ್ಟಮೇಲೆ ಪ್ರಸನ್ನಲಕ್ಷ್ಮಿ ಕೈಯಲ್ಲಿದ್ದ ಪೌಡರ್ ಡಬ್ಬಿಯನ್ನೇ ನೋಡಿದಳು. ಮಲ್ಲಿಗೆ ವಾಸನೆಯದು. ರೇಷ್ಮೆ ಹುಳುವಿಗೆ ಸೆಂಟು ಆಗುವುದಿಲ್ಲ ಎಂದು ಯಾರೋ ಹೇಳಿದ್ದು ನೆನಪಾಯಿತು. ಡಬ್ಬಿಯ ಮುಚ್ಚಳ ಹಾಕಿ ದೂರ ಸರಿಸಿದಳು.

"ಯಾಕ, ಮುಖ ಯಾಕ ಹಂಗ ಮಾಡ್ಕೊಂಡಿ?" ಎಂದಳು ಮಂಚದ ಮೇಲಿಂದ ಅತ್ತೆ ಪದ್ಮಾವತಮ್ಮ. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡಿದ್ದಳು. ಆದರೂ ಸೊಸೆಯ ಮುಖ ಕಾಣಿಸುತ್ತಿತ್ತು, ಅದು ಅವಳಿಗೆ ಯಾವ ಪೊರೆಯಲ್ಲೂ ಕಾಣಿಸುತ್ತದೆ.

ವಿಷಯ ಕೇಳಿ, ಎದುರಿನ ಮಿಷನ್ನಿನಲ್ಲಿದ್ದ ದುರುಗಕ್ಕ ಕಾಲು ನಿಲ್ಲಿಸಿದಳು. "ಅವ್ರ ಹುಳಕ್ಕ ಜಡ್ಡು ಬಂದ್ರ ನಮ್ಮ ಫ್ಲೆಕ್ಸ್ ಏನ್ ಮಾಡ್ತೈತವ್ವಾ? ನಾವು ಇದ್ರ ಮ್ಯಾಲೇ ಉಂಡು ಇದ್ರ ಮ್ಯಾಲೇ ಮಲಗ್ತೀವಿ, ಸತ್ತೀವೇನು?"

ಆಗ ಪದ್ಮಾವತಮ್ಮ ಕೆಮ್ಮಿದಳು. ಬರೀ ಕೆಮ್ಮು, ಮೂರ್ನಾಲ್ಕು ತಿಂಗಳಿಂದ ಇದ್ದದ್ದೇ. ಆದರೆ ಅವತ್ತು ಪ್ರಸನ್ನಲಕ್ಷ್ಮಿ ತಿರುಗಿ ನೋಡಿದಳು. ಅತ್ತೆಯ ಮಂಚದ ಒತ್ತಿಗೇ ಫ್ಲೆಕ್ಸ್ ಸುರುಳಿಗಳ ರಾಶಿ. ಬೇಸಿಗೆಯಲ್ಲಿ ತಂಪು ಎಂದು ಅತ್ತೆ ಅದಕ್ಕೇ ಬೆನ್ನು ಕೊಟ್ಟು ಮಲಗುತ್ತಾಳೆ.

ಈ ಕೆಲಸ ಶುರುವಾದದ್ದು ಹೀಗೆ. ಪ್ಯಾಂಟ್ ಹೊಲಿಗೆಯ ಆರ್ಡರ್ ಕಮ್ಮಿಯಾಗಿ ಮಿಷನ್ನುಗಳು ಸುಮ್ಮನೆ ಕೂತಿದ್ದವು. ಅತ್ತ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ಬ್ಯಾನ್ ಅಂದಿತು, ಇನ್ನು ಬಟ್ಟೆ ಬ್ಯಾನರೇ ಕಟ್ಟಬೇಕು ಅಂದಿತು. ಮುನ್ಸಿಪಾಲಿಟಿಯವರು ಕಂಬ ಕಂಬದಿಂದ ಫ್ಲೆಕ್ಸ್ ಕಿತ್ತು ರಾಶಿ ಹಾಕಿದರು. ಸುಟ್ಟರೆ ಕಣ್ಣು ಉರಿಯುವ ಹೊಗೆ, ಹೂತರೆ ಮಣ್ಣಾಗುವುದಿಲ್ಲ. ಪ್ರಸನ್ನಲಕ್ಷ್ಮಿ ಒಂದು ತಂದು ಹೊಲಿದು ನೋಡಿದಳು. ನೆಲದ ಮೇಲೆ ಕಾಳು ಒಣಗಿಸಲು ಹಾಸು, ಗಾಳಿ ತಡೆಯಲು ಕಿಟಕಿಗೆ ಪರದೆ. ಪರದೆಗೆ ಮೇಲೆ ಹಿತ್ತಾಳೆ ರಿಂಗು, ಕೆಳಗೆ ಮಡಿಕೆ. ನೆಲದ ಹಾಸುಗಳಿಗೆ ಅದೇನೂ ಇಲ್ಲ. ಮಡಕಶಿರಾ ಕಡೆಯ ರೇಷ್ಮೆಯವರು ಆಷಾಢದ ಗಾಳಿಗೆ ಪರದೆ ಕೇಳಲು ಶುರುಮಾಡಿದರು. ಈಗ ಮನೆಯಲ್ಲಿ ನಾಲ್ಕು ಹೆಂಗಸರು ಹೊಲಿಯುತ್ತಾರೆ. ಆ ಊರಿನ ಆರ್ಡರ್ ಬಂದರೆ ವರ್ಷವಿಡೀ ಕೆಲಸ. ಬರದಿದ್ದರೆ ಬಿಡಿ, ಆದರೆ 'ಫ್ಲೆಕ್ಸ್ ಹುಳ ಕೊಲ್ಲುತ್ತೆ' ಎಂಬ ಮಾತು ಒಂದು ಸಲ ಹುಟ್ಟಿದರೆ ಆ ಕಡೆಯಿಂದ ಇನ್ನು ಯಾರೂ ಬರುವುದಿಲ್ಲ.

ಮನೆಯಲ್ಲಿ ಒಂದು ಪದ್ಧತಿ ಇತ್ತು, ಪದ್ಮಾವತಮ್ಮನದು. ಹೊಲಿಯುವ ಮೊದಲು ಪ್ರತಿ ಫ್ಲೆಕ್ಸನ್ನೂ ಅವಳು ಬಿಚ್ಚಿ ನೋಡಿ, ದೇವರ ಮುಖ, ತೀರಿಕೊಂಡವರ ಮುಖ ಇದ್ದರೆ ಕತ್ತರಿಸಿ ತೆಗೆದಿಡುತ್ತಿದ್ದಳು. "ಇವೆರಡೂ ಕಾಲಿಗೆ ತಾಗಬಾರ್ದು."

"ಮತ್ತ ಲೀಡರ್‌ಗಳ ಮುಖ ಅತ್ತೀ?" ಎಂದು ದುರುಗಕ್ಕ ಕಿಚಾಯಿಸಿದರೆ, "ಅವ್ರಿಗೆ ಅಭ್ಯಾಸ ಐತಿ, ಬಿಡು" ಎನ್ನುತ್ತಿದ್ದಳು.

ಕತ್ತರಿಸಿದ ಮುಖಗಳೆಲ್ಲ ಮಂಚದ ಕೆಳಗೆ ಒಂದು ದೊಡ್ಡ ಗಂಟಿನಲ್ಲಿ ಕೂತಿದ್ದವು. ಸುಡುವ ಹಾಗಿಲ್ಲ, ಬಾವಿಗೆ ಬಿಡುವ ಹಾಗಿಲ್ಲ, ಚರಂಡಿಗಂತೂ ಇಲ್ಲವೇ ಇಲ್ಲ. ಗಣಪತಿ, ವೆಂಕಟರಮಣ, ಯಾರದೋ ಅಜ್ಜ, ಯಾರದೋ ಸಣ್ಣ ವಯಸ್ಸಿನ ಹೆಂಡತಿ, ಎಲ್ಲರೂ ಒಂದೇ ಗಂಟಿನಲ್ಲಿ.

ಅವತ್ತೇ ಮಧ್ಯಾಹ್ನ ಪ್ರಸನ್ನಲಕ್ಷ್ಮಿ ಲೋಕನಾಥನ ಅಂಗಡಿಗೆ ಹೋದಳು. ಮೊದಲು ಅವನದು ಫ್ಲೆಕ್ಸ್ ಪ್ರಿಂಟಿಂಗು, ಈಗ ಹಳೆಯ ಫ್ಲೆಕ್ಸ್ ಕೂಡಿಸಿ ಕೊಡುವವನು. ಬಳ್ಳಾರಿಯಿಂದ, ಬೊಮ್ಮನಹಾಳ್ ಕಡೆಯಿಂದ, ಎಲ್ಲೆಲ್ಲಿಂದಲೋ ತರುತ್ತಾನೆ. ಎಲ್ಲೆಲ್ಲಿಂದಲೋ ಎಂಬುದೇ ಈಗ ಅವಳ ಅನುಮಾನ. ಔಷಧಿ ಡ್ರಮ್ಮು ಮುಚ್ಚಿದ್ದನ್ನು ತಂದಿದ್ದರೆ?

"ಏನ್ರಿ ಅಕ್ಕಾರ, ಬಿಸಿಲಾಗ?" ಎಂದ ಲೋಕನಾಥ, ಒಳಕೋಣೆಯ ಬಾಗಿಲನ್ನು ಬೆನ್ನಿನಿಂದ ಮುಚ್ಚುತ್ತ. ಮುಚ್ಚಿದ್ದು ಅವಳಿಗೆ ಕಂಡಿತು.

"ಹೋದ ತಿಂಗಳ ಕೊಟ್ಟಿದ್ದಿಯಲ್ಲ, ದೊಡ್ಡದು, ಅದು ಎಲ್ಲಿದು?"

"ಯಾಕ್ರಿ?"

"ಎಲ್ಲಿದು ಹೇಳು."

"ಹನುಮ ಜಯಂತಿದ್ರಿ. ಒಂದೇ ಬ್ಯಾನರು, ಗುಡಿಯಷ್ಟು ದೊಡ್ದು. ಮೂರು ದಿನ ಕಟ್ಟಿದ್ರು, ಇಳಿಸಿದ್ರು. ಅದ್ರಾಗೇನಾತು?"

ಅವಳು ಹೇಳಿದಳು. ಅವನು ನಗಲಿಲ್ಲ. ಗಲ್ಲ ಕೆರೆದುಕೊಂಡ.

"ಇದ್ರಾಗ ಸೀಸ ಹಾಕ್ತಾರಂತ, ಹೌದೇನೋ?" ಎಂದಳು. ಯಾವುದೋ ವಿಡಿಯೋದಲ್ಲಿ ಕೇಳಿದ್ದಳು.

"ಪಿವಿಸಿ ಪೈಪಿಗೆ ಸೀಸ ಹಾಕಬಾರ್ದು ಅಂತ ರೂಲ್ ಬಂದೈತ್ರಿ. ಫ್ಲೆಕ್ಸಿನ್ಯಾಗ ಏನೈತಿ ಏನಿಲ್ಲ, ಮಾರೋ ನನಗೂ ಗೊತ್ತಿಲ್ಲ. ರೋಲ್ ಬರ್ತದ, ಮ್ಯಾಲೆ ಏನೂ ಬರೆದಿರಂಗಿಲ್ಲ."

"ಮತ್ತ ಇದನ್ನ ಕರಗಿಸೋರಿಗೆ ಕೊಡಬಾರ್ದಾ?"

"ಯಾರ್ ತಗಂತಾರ? ಪೈಪಾದ್ರ ಪುಡಿ ಮಾಡಿ ಕರಗಿಸ್ತಾರ. ಇದು ಒಳಗ ನೂಲಿನ ಬಲೆ, ಹೊರಗ ಪ್ಲಾಸ್ಟಿಕ್ಕು. ಗಂಡ ಹೆಂಡ್ತಿ ಅಂಟ್ಕೊಂಡಂಗ. ಜಗಳ ಆಡ್ತಾವ, ಬಿಡಿಸಾಕ ಮಾತ್ರ ಬರಂಗಿಲ್ಲ."

ಒಳಕೋಣೆಯಲ್ಲಿ ಏನೋ ಗುಂಯ್‌ಗುಟ್ಟುತ್ತಿತ್ತು. ಅವಳು ಮುಂದೆ ಹೆಜ್ಜೆ ಇಟ್ಟಳು. ಅವನು ಅಡ್ಡ ನಿಂತ. "ಅಲ್ಲೇನಿಲ್ಲ ಬರ್ರಿ, ಚಹಾ ಕುಡಿಯೋಣ."

"ಅತ್ತಾಗ ಸರಿ."

"ಅಕ್ಕಾರ..."

"ಸರಿ ಅಂದೆ ಲೋಕನಾಥ. ನನ್ನ ಅನ್ನ ಹೋಗೋ ಟೈಮಿನ್ಯಾಗ ನೀನು ಬಾಗಿಲು ಮುಚ್ತಿ?"

ಬಾಗಿಲು ತೆರೆಯಿತು. ಒಳಗೆ ಪ್ರಿಂಟಿಂಗ್ ಮಿಷನ್ನು ಹಲ್ಲುಜ್ಜುವ ಹಾಗೆ ಅತ್ತಿತ್ತ ಓಡಾಡುತ್ತ ಹೊಚ್ಚ ಹೊಸ ಫ್ಲೆಕ್ಸ್ ಕಕ್ಕುತ್ತಿತ್ತು. ಯಾರದೋ ಹುಟ್ಟುಹಬ್ಬ. ಶಾಲು, ಕೂಲಿಂಗ್ ಗ್ಲಾಸು, ಕೈಮುಗಿದ ನಗು.

"ಬ್ಯಾನ್ ಅಂತ ಗೊತ್ತಿಲ್ಲೇನು ನಿನಗ?"

"ನನಗ ಗೊತ್ರಿ, ಕೇಳೋರಿಗೆ ಗೊತ್ತಿಲ್ಲ," ಎಂದು ತಲೆ ತಗ್ಗಿಸಿದ. "ಬ್ಯಾನ್ ಆಗಿದ್ದಕ್ಕ ಧನ್ಯವಾದ ಹೇಳಿ ಒಂದು ಫ್ಲೆಕ್ಸ್ ಮಾಡಿಕೊಡು ಅಂತ ಬಂದಿದ್ರು, ನಿಮ್ಮಾಣೆ. ಇದನ್ನ ಮುಚ್ಚಿಟ್ಟಿದ್ದೆ, ಬ್ಯಾರೆ ಏನಿಲ್ಲ. ನಿಮಗೆ ಕೊಡೋದು ಬರೀ ಹಳೇದು."

ನಂಬಿದಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಹೊಸ ವಿನೈಲಿನ ವಾಸನೆ ಮೂಗಿನಲ್ಲಿ ಕೂತು ಮನೆಯವರೆಗೂ ಬಂತು.

ಮರುದಿನ ಹೊತ್ತಾರೆ ಕಲ್ಯಾಣದುರ್ಗದ ಬಸ್ಸು. ಹೂ ಮುಡಿಯಲಿಲ್ಲ, ಪೌಡರ್ ಹಾಕಲಿಲ್ಲ. ಕೈಚೀಲದಲ್ಲಿ ಅದೇ ಹನುಮ ಜಯಂತಿ ಬ್ಯಾನರಿನ ಉಳಿದ ಒಂದು ತುಂಡು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, "ಮುಂದುಕು ಜರಗಂಡಮ್ಮಾ" ಎಂದು ತೆಲುಗಿನಲ್ಲಿ ಮುಂದೆ ಸರಿಸುವ ಕಂಡಕ್ಟರನಿಂದ ದಬ್ಬಿಸಿಕೊಂಡು, ಮಡಕಶಿರಾದಲ್ಲಿ ಇಳಿದು ಗುಡಿಬಂಡೆಯ ಆಟೋ ಹಿಡಿಯುವಷ್ಟರಲ್ಲಿ ಮಧ್ಯಾಹ್ನ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು: ನನ್ನ ಪರದೆಯೇ ಕೊಂದಿದ್ದರೆ? ಪೌಡರೇ ಇದ್ದರೆ? ಆರ್ಡರ್ ಹೋದರೆ ಹೋಗಲಿ, ಆ ಸುರುಳಿಗಳಿಗೆ ಬೆನ್ನು ಕೊಟ್ಟು ಮಲಗುವ ಅತ್ತೆ?

ಗೋವರ್ಧನನ ಅಪ್ಪ ದೊಡ್ಡರಂಗಪ್ಪ ಹುಳುಮನೆಯ ಬಾಗಿಲಲ್ಲೇ ಕೂತಿದ್ದ. ಹೊಸ್ತಿಲ ಮುಂದೆ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ, ಒಳಗೆ ಹೋಗುವವರು ಕಾಲು ಅದ್ದಲು.

"ಅಲ್ಲೇ ನಿಂತ್ಕಳಮ್ಮ. ಒಳಕ್ ಬರ್ಬ್ಯಾಡ. ರಾಯದುರ್ಗದೋಳು ನೀನೇನಾ?"

"ಹೌದ್ರಿ ಯಜಮಾನ್ರ."

"ಸೆಂಟು ಗಿಂಟು ಹಾಕಿದ್ದೀಯಾ?"

"ಇಲ್ರಿ."

"ಈಗ ಹಾಕಿಲ್ಲ. ಪರ್ದೆಗೆ ಹಾಕಿದ್ದೆಯಲ್ಲ. ನಾನ್ ಮೂಸಿ ನೋಡಿದ್ದೀನಿ, ಮಲ್ಗೆ ಹೂವಿನ ವಾಸ್ನೆ ಬತ್ತಿತ್ತು. ಹುಳಕ್ಕೇನ್ ಮದ್ವೆ ಮಾಡಿಸ್ತಿದ್ಯಾ?"

ಪ್ರಸನ್ನಲಕ್ಷ್ಮಿ ಪೌಡರಿನ ವಿಷಯ ಅಲ್ಲೇ ಹೇಳಿಬಿಟ್ಟಳು. ದೊಡ್ಡರಂಗಪ್ಪ ಮಗನ ಕಡೆ ತಿರುಗಿದ. "ನೋಡ್ದೇನ್ಲಾ? ಒಂದೊಂದೇ ಹೊರಿಕ್ ಬತ್ತಾ ಐತೆ. ನಾನು ಮೊದ್ಲು ಪಕ್ಕದ ಅಂಜಿನಿ ಮ್ಯಾಲೆ ಅನುಮಾನ ಪಟ್ಟೆ, ತ್ವಾಟಕ್ಕೆ ಏನೋ ಹೊಡೆದು ಗಾಳೀಗ್ ಬಿಟ್ಟವ್ನೆ ಅಂತ. ಅವನ್ ಸೊಪ್ಪು ತಿಂದ ಅವನ್ ಹುಳ ಚೆನ್ನಾಗವೆ."

ಹಿತ್ತಲ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದ ಹುಳುಗಳ ರಾಶಿ. ಮೇಲೆ ಇನ್ನೂ ಕೆಲವು ಅಲ್ಲಾಡುತ್ತಿದ್ದವು. ಅವಳು ಅತ್ತ ನೋಡಲಿಲ್ಲ.

ದೊಡ್ಡರಂಗಪ್ಪನ ಹೆಂಡತಿ ಎರ್ರಮ್ಮ ಮಜ್ಜಿಗೆ ತಂದುಕೊಟ್ಟಳು. ಕೊಡುವಾಗ ಮುಖ ಎತ್ತಲಿಲ್ಲ, ಕುಡಿಯುವವರೆಗೂ ನಿಲ್ಲಲಿಲ್ಲ. ಬಂದ ಅತಿಥಿಯ ಮೇಲೆ ಸಿಟ್ಟೋ, ಇನ್ನೇನೋ.

"ಎಲ್ಲಾ ಸತ್ತಾವೇನ್ರಿ?" ಎಂದಳು ಪ್ರಸನ್ನಲಕ್ಷ್ಮಿ.

"ಪಡುವಣ ಕಿಟ್ಕಿ ಕಡೆ ತಟ್ಟೆಗಳು ಪೂರಾ ಹೋದ್ವು. ಬಡಗಣ ಕಡೆ ಉಳಿದವೆ. ಅಲ್ಲಿ ಹನುಮಪ್ಪ ಕಾಪಾಡವ್ನೆ," ಎಂದ ದೊಡ್ಡರಂಗಪ್ಪ.

"ಯಾವ ಹನುಮಪ್ಪ?"

"ನಿಮ್ದೇ. ಕಿಟ್ಕಿಯಿಂದ ನೋಡು, ಒಳಕ್ ಮಾತ್ರ ಹೋಗ್ಬ್ಯಾಡ."

ಸುತ್ತಿ ಹೋಗಿ ಕಿಟಕಿಯ ಸಂದಿಯಿಂದ ನೋಡಿದಳು. ಬಡಗಣ ಕಿಟಕಿಗೆ ಅಡ್ಡಲಾಗಿ ಹನುಮಪ್ಪ ಗದೆ ಹಿಡಿದು ನಿಂತಿದ್ದ. ಹಣೆಗೆ ಯಾರೋ ಕುಂಕುಮ ಇಟ್ಟಿದ್ದರು, ವಿನೈಲ್ ಮೇಲೆ ಅದು ಜಾರಿ ಮೂಗಿನವರೆಗೆ ಇಳಿದಿತ್ತು. ಆ ಹಾಳೆಗೆ ರಿಂಗುಗಳಿರಲಿಲ್ಲ. ಮೂಲೆಗಳಿಗೆ ತೂತು ಮಾಡಿ ಸೆಣಬಿನ ದಾರದಿಂದ ಕಟ್ಟಿದ್ದರು.

ಅದು ಪರದೆಯಲ್ಲ. ನೆಲಕ್ಕೆಂದು ಹೊಲಿದ ಹಾಸು.

ಅದನ್ನು ಹೊಲಿದದ್ದು ಅತ್ತೆ ಕಣ್ಣಿನ ಆಪರೇಷನ್ ಆಗಿ ಮಲಗಿದ್ದ ವಾರ. ಫ್ಲೆಕ್ಸ್ ಬಿಚ್ಚಿ ಮುಖ ನೋಡುವ ಕೆಲಸ ಯಾರೂ ಮಾಡಿರಲಿಲ್ಲ. ತಾನೇ ಬಿಳಿ ಬೆನ್ನು ಮೇಲೆ ಮಾಡಿ ಸರಸರ ಹೊಲಿದು ಮಡಚಿಟ್ಟಿದ್ದಳು. ಹನುಮಪ್ಪ ಒಳಗೇ ಉಳಿದಿದ್ದ.

ಜೊತೆಗೆ ಇನ್ನೊಂದು ಮಾತೂ ತಲೆಗೆ ಬಂತು, ಅದು ಬಂದಾಗ ಮೈ ಹಗುರಾಯಿತು. ಪರದೆಯೂ ಹಾಸೂ ಒಂದೇ ಬ್ಯಾನರಿನದು. ಒಂದೇ ವಿನೈಲು, ಒಂದೇ ಪೌಡರು, ಒಂದೇ ಕೈ. ಒಂದರ ಕೆಳಗೆ ಹುಳು ಸತ್ತಿದೆ, ಇನ್ನೊಂದರ ಕೆಳಗೆ ತಿನ್ನುತ್ತಿದೆ. ಹಾಗಾದರೆ ಪರದೆಗೆ ಈ ಊರಿಗೆ ಬಂದಮೇಲೆ ಏನಾಯಿತು?

ಸತ್ತ ಹುಳುಗಳ ಜೊತೆ ಪರದೆಯನ್ನೂ ಕಿತ್ತು ಬೇಲಿಗೆ ಎಸೆದಿದ್ದರು. ಅವಳು ಅದನ್ನು ಬಿಡಿಸಿದಳು. ನಾಲ್ಕೂ ಮೂಲೆ ಜಗ್ಗಿ ಸೊಟ್ಟಗಾಗಿದ್ದವು, ಯಾರೋ ಭಾರ ತುಂಬಿ ಹಿಡಿದು ತೂಗಿದ ಹಾಗೆ. ಕೆಳಗಿನ ಮಡಿಕೆಯಲ್ಲಿ ಬೆರಳು ಹಾಕಿದರೆ ಒಂದು ಕಡಲೆಕಾಯಿ ಬೀಜ ಸಿಕ್ಕಿತು. ಅದರ ಸಿಪ್ಪೆ ಸಹಜ ಬಣ್ಣದ್ದಲ್ಲ, ಕೆಂಪು ಇಂಕಿನಲ್ಲಿ ಅದ್ದಿದ ಹಾಗೆ ಕಡುಗೆಂಪು. ಮೂಗಿಗೆ ಹಿಡಿದಳು. ಮಲ್ಲಿಗೆಯಲ್ಲ. ಅಂಗಡಿಯ ಔಷಧಿ.

ತಲೆ ಎತ್ತಿದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎರ್ರಮ್ಮ. ಕೈಯಲ್ಲಿ ಒದ್ದೆ ಸೀರೆ, ಹಿಂಡುವುದನ್ನು ಮರೆತಿದ್ದಳು, ನೀರು ಕಾಲ ಮೇಲೆ ಸುರಿಯುತ್ತಿತ್ತು.

"ಬಿಸಾಕು ಅದ್ನ," ಎಂದಳು ಮೆಲ್ಲಗೆ.

"ಎರ್ರಮ್ಮಕ್ಕಾ, ಬಿತ್ತನೆ ಬೀಜಕ್ಕ ಔಷಧಿ ಕಲಸಿದ್ದು ಇದ್ರ ಮ್ಯಾಲೇನು?"

ಎರ್ರಮ್ಮ ಹುಳುಮನೆಯ ಕಡೆ ಒಮ್ಮೆ ನೋಡಿ ಹತ್ತಿರ ಬಂದಳು. "ಮಳೆ ಬಂತು. ಅವ್ನು ಬಿತ್ತೋ ಕೂರಿಗೆ ತರಕ್ ಹೋದ. ಹೊಸಾ ಹಾಸಿನ ಮ್ಯಾಲೆ ಬೀಜ ಹಾಕ್ಕಂಡು ಔಷ್ದಿ ಕಲ್ಸು ಅಂದ. ಹಾಸು ಬಿಚ್ಚಿದ್ರೆ ಒಳಗೆ ಹನುಮಪ್ಪ! ಹನುಮಪ್ಪನ ಮುಖದ ಮ್ಯಾಲೆ ವಿಷ ಕಲಸಾಕಾಯ್ತದಾ? ನೀನೇ ಹೇಳು. ತುಳಿಯಾಕಾಯ್ತದಾ? ಅದುಕ್ಕೆ ಅವನ್ನ ಕಿಟ್ಕಿಗೆ ಕಟ್ಟಿ, ಪರ್ದೆ ತಗಂಡು ಕಲಸ್ದೆ. ಆಮೇಲೆ ಸೋಪಾಕಿ ತಿಕ್ಕಿ ತಿಕ್ಕಿ ತೊಳ್ದಿದ್ದೀನಿ, ಈ ಕಲ್ಲಿನ ಮ್ಯಾಲೆ. ಬಿಸ್ಲಾಗ್ ಒಣಗ್ಸಿ ಕಟ್ಟಿದ್ದು."

"ಮಡಿಕೆ ಒಳಗ ಸೋಪು ಹೋಗಂಗಿಲ್ಲಕ್ಕಾ."

"ಈಗ್ ಗೊತ್ತಾಯ್ತು." ಎರ್ರಮ್ಮ ಕೈಯಲ್ಲಿದ್ದ ಸೀರೆ ಹಿಂಡಿದಳು. "ಮೊದಲ್ನೇ ಹುಳ ತಲೆ ಆಡಿಸಿದಾಗ್ಲೇ ಗೊತ್ತಾಯ್ತು. ಅವ್ನಿಗೆ ಹೇಳ್ಬ್ಯಾಡ ಕಣವ್ವಾ. ಅವ್ನ ಬಾಯಿ ನಿಂಗೊತ್ತಿಲ್ಲ. ಹುಳ ನುಂಗಿದೋಳು ಅಂತ ಸಾಯೋಗಂಟ ಅಂತಾನೆ."

"ಹೇಳಲಿಲ್ಲಂದ್ರ ನನ್ನ ಕೆಲ್ಸ ಹೋಗ್ತೈತಲ್ಲಕ್ಕಾ. ನಾಕು ಮಂದಿ ಹೆಣ್ಣುಮಕ್ಕಳು..."

"ನಿಂದು ಹೋದ್ರೆ ಇನ್ನೊಂದು ಹೊಲಿತೀಯ. ನಾನು ಇದೇ ಮನ್ಯಾಗಿರ್ಬೇಕು."

ಪ್ರಸನ್ನಲಕ್ಷ್ಮಿ ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹಾಕಿಕೊಂಡದ್ದನ್ನು ಎರ್ರಮ್ಮ ನೋಡಿದಳು.

ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಯ ಜಗಲಿ ತುಂಬಿತು. ಗಂಡಸರು ಜಗಲಿಯ ಮೇಲೆ, ಹೆಂಗಸರು ಕ್ಯಾನು ಹಿಡಿದು ಸಾಲಿನಲ್ಲಿ. ಆ ಸಾಲಿನಲ್ಲಿ ಎರ್ರಮ್ಮನೂ ಇದ್ದಳು. ದೊಡ್ಡರಂಗಪ್ಪ ತನ್ನ ಅನುಮಾನಗಳನ್ನೆಲ್ಲ ಸೇರಿಸಿ ಒಂದು ಗಟ್ಟಿ ಕಥೆ ಕಟ್ಟಿದ್ದ: ಹಳೆಯ ಪ್ಲಾಸ್ಟಿಕ್ಕು, ಸರ್ಕಾರವೇ ಬೇಡವೆಂದು ಬ್ಯಾನ್ ಮಾಡಿದ್ದು, ಪಟ್ಟಣದವರು ಎಲ್ಲಿ ಬಿಸಾಡುವುದೆಂದು ತಿಳಿಯದೆ ಹಳ್ಳಿಗೆ ಹೊಲಿದು ಕಳಿಸುತ್ತಾರೆ, ಮೇಲೆ ಪೌಡರ್ ಬೇರೆ.

"ಕಸ ಅವ್ರದು, ಹೆಣ ನಮ್ದು," ಎಂದು ಮುಗಿಸಿದ.

ಪ್ರಸನ್ನಲಕ್ಷ್ಮಿಗೆ ಅದರಲ್ಲಿ ಅರ್ಧ ನಿಜ ಅನ್ನಿಸಿತು. ಅದೇ ಕಷ್ಟ.

"ಏನಂತೀಯಮ್ಮಾ?" ಎಂದರು ಯಾರೋ.

ಎದ್ದು ನಿಂತಳು. ಸೆರಗಿನ ಗಂಟಿಗೆ ಕೈ ಹೋಯಿತು. ಕ್ಯಾನಿನ ಸಾಲಿನಲ್ಲಿ ಎರ್ರಮ್ಮ ನೆಲ ನೋಡುತ್ತಿದ್ದಳು. ಕೈ ಗಂಟನ್ನು ಬಿಟ್ಟಿತು.

"ತಪ್ಪು ನಮ್ದೈತ್ರಿ," ಎಂದಳು. ದೊಡ್ಡರಂಗಪ್ಪನೇ ಬೆಚ್ಚಿದ, ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಅವನೂ ಎಣಿಸಿರಲಿಲ್ಲ. "ನೆಲದ ಹಾಸಿನ್ಯಾಗ ದೇವ್ರ ಮುಖ ಬಿಡೋ ಪದ್ಧತಿ ನಮ್ಮನ್ಯಾಗಿಲ್ಲ. ನಮ್ಮತ್ತಿ ಕತ್ತರಿಸಿ ತೆಗೀತಾಳ. ಈ ಸಲ ನಾನು ನೋಡದ ಹೊಲ್ದೆ, ಹನುಮಪ್ಪ ಉಳ್ಕೊಂಡ. ಹನುಮಪ್ಪ ಇದ್ದ ಹಾಸನ್ನ ಭಕ್ತಿ ಇದ್ದೋರು ಯಾರೂ ನೆಲಕ್ಕ ಹಾಸಂಗಿಲ್ಲ. ಅದಕ್ಕ ಹಾಸು ಕಿಟಕಿಗೆ ಹೋತು. ಪರದೆ ನೆಲಕ್ಕ ಬಂತು. ನೆಲದ ಮ್ಯಾಲೆ ಆ ವಾರ ಏನು ಕೆಲ್ಸ ನಡೀತು ಅಂತ ನಿಮಗೇ ಗೊತ್ತೈತಿ."

ಅಷ್ಟೇ ಹೇಳಿ ಕೂತಳು. ಹಾಲು ಅಳೆಯುವವನ ಕೈಯೂ ನಿಂತಿತು. ಊರಲ್ಲಿ ಆ ವಾರ ಎಲ್ಲರ ಮನೆಯಲ್ಲೂ ನಡೆದದ್ದು ಒಂದೇ ಕೆಲಸ.

ದೊಡ್ಡರಂಗಪ್ಪ ನಿಧಾನವಾಗಿ ಸಾಲಿನ ಕಡೆ ತಿರುಗಿದ. "ಬೀಜ ಯಾವುದ್ರ ಮ್ಯಾಲೆ ಕಲಸ್ದೆ ನೀನು?"

ಎರ್ರಮ್ಮ ಕ್ಯಾನು ಕೆಳಗಿಟ್ಟಳು. ಇಷ್ಟು ಜನರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. "ಪರ್ದೆ ಮ್ಯಾಲೆ. ಔಷ್ದಿ ತಂದೋನು ನೀನು, ಹೊಸಾದ್ರ ಮ್ಯಾಲೆ ಕಲ್ಸು ಅಂದೋನು ನೀನು. ಹನುಮಪ್ಪನ ಮುಖಕ್ಕೆ ವಿಷ ಹಾಕ್ಬೇಕಿತ್ತಾ? ಹಾಕಿದ್ರೆ ಆಗ್ಲೂ ನನ್ನೇ ಬೈತಿದ್ದೆ."

ಯಾರೋ ಕಿಸಕ್ಕೆಂದರು. ದೊಡ್ಡರಂಗಪ್ಪ ನಗಲಿಲ್ಲ. ಹೆಂಡತಿಯನ್ನು ನೋಡಿದ, ಪ್ರಸನ್ನಲಕ್ಷ್ಮಿಯನ್ನು ನೋಡಿದ. "ಇಷ್ಟು ದಿನ ಬಾಯಿ ಬಿಡ್ದೋಳು, ಇವಳು ಬಂದ ಮ್ಯಾಲೆ ಬಿಡ್ತಾಳೆ. ಮಧ್ಯಾಹ್ನ ಇಬ್ರೂ ಒಗೆಯೋ ಕಲ್ಲ ಹತ್ರ ಅಷ್ಟೊತ್ತು ಏನ್ ಒಗೀತಿದ್ರಿ? ಹೇಳಿಕೊಟ್ಟಿದ್ದೋ, ನಡ್ದಿದ್ದೋ, ನಾನೆಂಗ್ ನಂಬ್ಲಿ?"

"ನಂಬ್ಬ್ಯಾಡ," ಎಂದ ಮೂಲೆಯಿಂದ ಅಂಜಿನಿ. ತನ್ನ ಮೇಲೆ ಅನುಮಾನ ಬಂದಾಗಿನಿಂದ ಅವನು ಮಾತು ಬಿಟ್ಟಿದ್ದ. "ನೀನು ಯಾರನ್ನ ನಂಬಿದ್ದೀಯ? ನನ್ ಹುಳ ಕೊಡ್ತೀನಿ. ಎರಡು ಮಂಕರಿ ತಗ. ಒಂದ್ರ ಮ್ಯಾಲೆ ಈವಮ್ಮ ತಂದಿರೋ ಫ್ಲೆಕ್ಸ್ ತುಂಡು, ಇನ್ನೊಂದ್ರ ಮ್ಯಾಲೆ ನಿನ್ ಪರ್ದೆ ಮಡಿಕೆ. ಬೆಳಗಾಗ್ಲಿ, ಹುಳ ಸುಳ್ಳು ಹೇಳಲ್ಲ."

ಹಾಗೇ ಮಾಡಿದರು. ಸೊಪ್ಪೂ ಅಂಜಿನಿಯದೇ. ಮಂಕರಿಗಳನ್ನು ಡೈರಿಯ ಒಳಗಿಟ್ಟು ಬೀಗ ಹಾಕಿದರು, ಬೀಗದ ಕೈಯನ್ನು ದೊಡ್ಡರಂಗಪ್ಪ ಯಾರಿಗೂ ಕೊಡಲಿಲ್ಲ. ಪ್ರಸನ್ನಲಕ್ಷ್ಮಿ ಅವನ ಮನೆಯಲ್ಲೇ ಉಳಿದಳು. ಎರ್ರಮ್ಮ ಮುದ್ದೆ ಬಡಿಸಿದಳು. ಸಾರು ಎರಡನೇ ಸಲ ಹಾಕುವಾಗ, "ಬೀಜ ತೋರಿಸ್ಲಿಲ್ಲ ನೀನು," ಎಂದಳು ಬರೀ ತುಟಿಯಲ್ಲಿ.

ಬೆಳಗ್ಗೆ ಬೀಗ ತೆಗೆದಾಗ ಇಡೀ ಜಗಲಿ ಬಾಗಿತು. ಮಡಿಕೆಯ ಮಂಕರಿಯಲ್ಲಿ ಹುಳುಗಳು ತಲೆ ಎತ್ತಿ ಗಾಳಿಯಲ್ಲಿ ಏನೋ ಹುಡುಕುತ್ತಿದ್ದವು, ಬಾಯಲ್ಲಿ ಹಸಿರು ನೀರು. ಹಲವು ಆಗಲೇ ಮುದುಡಿದ್ದವು. ಇನ್ನೊಂದು ಮಂಕರಿಯಲ್ಲಿ ಸೊಪ್ಪಿನ ಕಡ್ಡಿ ಮಾತ್ರ ಉಳಿದಿತ್ತು, ಹುಳುಗಳು ಇನ್ನೂ ಬೇಕೆಂದು ಅಂಚು ಹತ್ತಿದ್ದವು.

"ನಾಳೆಯಿಂದ ನಿನ್ ಬೀಜಕ್ಕೆ ನನ್ ಹೆಸರು ಹಚ್ಬ್ಯಾಡ," ಎಂದ ಅಂಜಿನಿ.

ದೊಡ್ಡರಂಗಪ್ಪ ಚೆನ್ನಾಗಿದ್ದ ಮಂಕರಿಯನ್ನು ಬೆರಳಿನಿಂದ ಕೆದಕಿ ಕೆದಕಿ ನೋಡಿದ. ತಳದಿಂದ ಒಂದನ್ನು ಎತ್ತಿ ಅಂಗೈಯ ಮೇಲೆ ಇಟ್ಟ. ಸತ್ತಿತ್ತು.

"ಇದ್ಯಾಕೆ ಸತ್ತಿದ್ದು?"

"ಒಂದ್ ಹುಳ ಸಾಯಲ್ವೇನಪ್ಪ," ಎಂದ ಗೋವರ್ಧನ.

"ಸಾಯ್ತದೆ. ಯಾಕೆ ಅಂತ ಕೇಳ್ದೆ."

ಅದು ಯಾರಿಗೂ ಗೊತ್ತಿರಲಿಲ್ಲ. ಅವನು ಪ್ರಸನ್ನಲಕ್ಷ್ಮಿಯ ಕಡೆ ನೋಡಿದ. ನಿನ್ನೆಯ ಸಿಟ್ಟು ಇರಲಿಲ್ಲ, ಅನುಮಾನ ಮಾತ್ರ ಹಾಗೇ ಇತ್ತು. "ಮೊದಲು ನನ್ ಮನೆಗೆ ಕೊಡು. ಪೌಡ್ರು ಬ್ಯಾಡ. ಹಬ್ಬದವರೆಗೆ ಬಿಸ್ಲಾಗ್ ಹಾಕಿರು. ನನ್ ಬೆಳೆ ನಿಂತ್ರೆ ಊರಿಗೆಲ್ಲಾ. ಇನ್ನೊಂದ್ ಮಾತು, ಪರ್ದೆ ಯಾವ್ದು ಹಾಸು ಯಾವ್ದು ಅಂತ ಯಾವ ಮುಂಡೇದಕ್ಕೂ ತಪ್ಪಬಾರ್ದು."

"ತಪ್ಪಂಗಿಲ್ರಿ," ಎಂದಳು ಪ್ರಸನ್ನಲಕ್ಷ್ಮಿ. ಹ್ಯಾಗೆ ಎಂಬುದು ಆ ಕ್ಷಣದಲ್ಲೇ ಅವಳಿಗೆ ಹೊಳೆದಿತ್ತು.

ಆಟೋ ಹತ್ತುವಾಗ ಎರ್ರಮ್ಮ ಓಡಿ ಬಂದು ಒಂದು ಚೀಲ ರಾಗಿ ಹಿಟ್ಟು ಮಡಿಲಿಗಿಟ್ಟಳು. "ಪೌಡ್ರು ಬದ್ಲು ಇದ್ನ ಉದುರ್ಸು. ಜಾರ್ತದೋ ಇಲ್ವೋ ನೋಡು."

ಮನೆಗೆ ಬಂದವಳು ಮೊದಲು ಮಾಡಿದ್ದು ಮಂಚದ ಕೆಳಗಿನ ಗಂಟು ಎಳೆದು ಬಿಚ್ಚಿದ್ದು. ಮುಖಗಳು ನೆಲದ ತುಂಬ, ಅಲ್ಲ, ಚಾಪೆಯ ತುಂಬ ಹರಡಿದವು. ದೇವರುಗಳನ್ನೆಲ್ಲ ಒಂದು ಕಡೆ ಆರಿಸಿದಳು.

"ಏನ್ ಮಾಡ್ತಿ ಅವನ್ನ?" ಎಂದಳು ಪದ್ಮಾವತಮ್ಮ.

"ಪ್ರತಿ ಪರದೆಗೂ ಒಂದೊಂದು ಹೊಲೀತೀನಿ ಅತ್ತೀ. ದೇವ್ರಿದ್ದದ್ದು ಕಿಟಕಿಗೆ. ಇಲ್ಲದ್ದು ನೆಲಕ್ಕ. ಓದು ಬರದಿದ್ರೂ ತಪ್ಪಂಗಿಲ್ಲ. ಯಾರೂ ಅದ್ರ ಮ್ಯಾಲೆ ವಿಷ ಕಲಸಂಗಿಲ್ಲ."

"ನಾನು ಇಷ್ಟು ವರ್ಷ ಕತ್ತರಿಸಿ ತೆಗೆದೆ, ನೀನು ತಿರುಗಿ ಹಚ್ತಿ." ಮುದುಕಿ ಬಾಗಿ ಉಳಿದ ರಾಶಿಯ ಕಡೆ ಕೈ ತೋರಿಸಿದಳು. "ಸತ್ತೋರ ಮುಖ?"

"ಅವ್ರು ಗಂಟಿನ್ಯಾಗೇ ಇರ್ಲಿ."

ದುರುಗಕ್ಕ ರಾಗಿ ಹಿಟ್ಟು ಉದುರಿಸಿ ಹೊಲಿದು ನೋಡಿದಳು. ಜಾರಿತು. "ಇನ್ನ ಮುದ್ದೆ ವಾಸನಿ ಬರ್ತೈತಿ ನೋಡು," ಎಂದು ನಕ್ಕಳು.

ಪ್ರಸನ್ನಲಕ್ಷ್ಮಿ ನಗುತ್ತಲೇ ಎದ್ದು ಅತ್ತೆಯ ಮಂಚದ ಕಾಲು ಹಿಡಿದಳು. ಫ್ಲೆಕ್ಸ್ ಸುರುಳಿಗಳಿಂದ ದೂರ, ಬಾಗಿಲ ಗಾಳಿಗೆ ಎಳೆಯತೊಡಗಿದಳು.

"ಯಾಕ, ಎಲ್ಲಿಗೆ ಎಳೀತಿ? ಹುಳ ಸತ್ತಿದ್ದು ಔಷಧಿಗೆ ಅಂದಿ. ಫ್ಲೆಕ್ಸಿಗಲ್ಲ ಅಂದಿ."

"ಹೌದತ್ತಿ."

"ಮತ್ತ?"

ಅಂಗೈಯ ಮೇಲಿದ್ದ ಆ ಒಂದು ಹುಳು ಅವಳ ಕಣ್ಣ ಮುಂದೆ ಇತ್ತು. "ಒಂದು ಮಾತ್ರ ಯಾಕ ಸತ್ತಿತ್ತು ಅಂತ ಯಾರಿಗೂ ಗೊತ್ತಾಗ್ಲಿಲ್ಲ," ಎಂದಳು, ಮತ್ತು ಮಂಚದ ಇನ್ನೊಂದು ಕಾಲಿಗೆ ಬಂದಳು. "ಕಾಲು ಮ್ಯಾಲೆ ತಗೋರಿ, ಎಳೀತೀನಿ."

ಪದ್ಮಾವತಮ್ಮ ಕಾಲು ಮೇಲೆ ತೆಗೆದುಕೊಂಡಳು. ಕೆಮ್ಮಿದಳು.